ನಕ್ಷತ್ರಮೀನಿನ ಕಾಲು ಮಾಡುವುದು ಹೇಗೆ?

ಕುಂಬಳೆ, ಮಂಜೇಶ್ವರ ಕಡೆಯ ವಿಜ್ಞಾನ ಮೇಳಗಳಲ್ಲಿ ನಕ್ಷತ್ರಮೀನಿನ ಮಾದರಿ ತುಂಬ ನೋಡಿದ್ದೇನೆ. ಥರ್ಮಾಕೋಲಿನ ಐದು ತೋಳು, ನೀಲಿ ಬಣ್ಣದ ನಾಳ, ಹೆಸರಿನ ಚೀಟಿ. ಚಂದವೇ. ಆದರೆ ನಕ್ಷತ್ರಮೀನು ತೋಳುಗಳ ಅಡಿಯಲ್ಲಿರುವ ನಳಿಗೆಯಂಥ ಪುಟ್ಟ ಕಾಲುಗಳನ್ನು ಚಾಚುವುದು ಹೇಗೆ ಎಂದು ಕೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ಥರ್ಮಾಕೋಲ್ ಬಿಟ್ಟುಬಿಡಿ. ನೀರು ಓಡಾಡುವ ಒಂದೇ ಒಂದು ಕಾಲು ಮಾಡಿ, ಸಾಕು.

ಬೇಕಾದ್ದು: ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜ್, ಮೀನಿನ ತೊಟ್ಟಿಯ ಗಾಳಿ ಪೈಪ್, ಅದಕ್ಕೆ ಹೊಂದುವ ಟಿ-ಜಾಯಿಂಟ್, ತೆಳು ರಬ್ಬರ್ ಗ್ಲೌಸಿನ ಒಂದು ಬೆರಳು, ನೀರಿನ ಬಾಟಲಿ, ಬಟ್ಟೆ ಕ್ಲಿಪ್, ದಾರ.

1. ಗ್ಲೌಸಿನ ಬೆರಳನ್ನು ಸ್ಕೆಚ್ ಪೆನ್ನಿಗೆ ಹಾಕಿ, ಅರ್ಧ ಸೆಂಟಿಮೀಟರಿಗೊಂದು ದಾರದ ಉಂಗುರ ಕಟ್ಟಿ. ಇಲ್ಲದಿದ್ದರೆ ಅದು ಉದ್ದವಾಗುವ ಬದಲು ಬಲೂನಿನಂತೆ ಊದುತ್ತದೆ. ನಿಜವಾದ ಕಾಲಿನ ಗೋಡೆಯಲ್ಲೂ ಹೀಗೆ ತಡೆಯುವ ನಾರುಗಳಿವೆ.

2. ಜಾಯಿಂಟಿನ ಮೇಲೆ ಸಿರಿಂಜ್, ಕೆಳಗೆ ಬೆರಳು, ಪಕ್ಕದ ಪೈಪ್ ಬಾಟಲಿಗೆ. ದಾರದಿಂದಲೇ ಬಿಗಿಯಿರಿ. ಟೇಪ್ ಒದ್ದೆಯಾದರೆ ಬಿಟ್ಟುಕೊಳ್ಳುತ್ತದೆ.

3. ನೀರು ತುಂಬಿಸಿ, ಗಾಳಿಗುಳ್ಳೆ ಪೂರ್ತಿ ತೆಗೆಯಿರಿ.

4. ಎಲ್ಲರೂ ಎಡವುವುದು ಇಲ್ಲೇ. ಬಾಟಲಿ ಕಡೆಯ ಪೈಪನ್ನು ಮಡಚಿ ಕ್ಲಿಪ್ ಹಾಕಿ, ಆಮೇಲೆ ಸಿರಿಂಜ್ ಒತ್ತಿ. ಕ್ಲಿಪ್ ಇಲ್ಲದಿದ್ದರೆ ನೀರು ಬಾಟಲಿಗೇ ವಾಪಸ್ ಹೋಗುತ್ತದೆ, ಕಾಲು ಅಲ್ಲಾಡುವುದಿಲ್ಲ. ಒಮ್ಮೆ ಹಾಗೂ ಮಾಡಿ ತೋರಿಸಿ, ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಜೀವಿಯಲ್ಲಿ ಬೆನ್ನಿನ ಮೇಲಿನ ತೂತುತೂತಾದ ಜರಡಿ ತಟ್ಟೆ, ಅದರಿಂದ ಕೆಳಗಿಳಿಯುವ ಕಲ್ಲುನಾಳ, ಬಾಯಿಯ ಸುತ್ತಲಿನ ಉಂಗುರನಾಳ, ಪ್ರತಿ ತೋಳಿಗೊಂದು ನಾಳ ಇವೆಲ್ಲ ಸೇರಿ ಬಾಟಲಿಯ ಜಾಗದಲ್ಲಿವೆ. ಸಿರಿಂಜ್ ಎಂದರೆ ಕಾಲಿನ ಮೇಲಿರುವ ಪುಟ್ಟ ಚೀಲ. ಕ್ಲಿಪ್ ಎಂದರೆ ತೋಳಿನ ನಾಳದಿಂದ ಕಾಲಿಗೆ ಬರುವ ಪಕ್ಕದ ನಾಳದ ಕವಾಟ. ಚೀಲ ಹಿಂಡಿದಾಗ ಕವಾಟ ಮುಚ್ಚುತ್ತದೆ, ನೀರಿಗೆ ಕಾಲಿನೊಳಗೆ ನುಗ್ಗದೆ ಬೇರೆ ದಾರಿಯಿಲ್ಲ.

ಕಾಲನ್ನು ಗಿಡ್ಡ ಮಾಡಲು ಸಿರಿಂಜ್ ಎಳೆಯಬೇಡಿ! ಎಳೆಯುವುದು ಸುಲಭ, ಆದರೆ ತಪ್ಪು. ನಕ್ಷತ್ರಮೀನಿನ ಚೀಲ ನೀರನ್ನು ಹೀರುವುದಿಲ್ಲ. ಕಾಲಿನ ಉದ್ದುದ್ದ ಸ್ನಾಯುಗಳು ಕುಗ್ಗಿ ನೀರನ್ನು ಮೇಲಕ್ಕೆ ದೂಡುತ್ತವೆ. ನೀವೂ ಗ್ಲೌಸಿನ ಬೆರಳನ್ನು ಅಂಗೈಯಿಂದ ಮೇಲಕ್ಕೆ ಒತ್ತಿ, ಸಿರಿಂಜಿನ ಹಿಡಿ ತಾನಾಗಿ ಏರಬೇಕು. ಬಿಗಿಯಾಗಿದ್ದರೆ ಹಿಡಿಯ ರಬ್ಬರಿಗೆ ಒಂದು ಹನಿ ತೆಂಗಿನೆಣ್ಣೆ ಸವರಿ.

ತುದಿಗೆ ಹೀರುಬಟ್ಟಲು ಅಂಟಿಸುವ ಅಭ್ಯಾಸವನ್ನೂ ಬಿಡಿ. ನಕ್ಷತ್ರಮೀನು ಬಂಡೆ ಹಿಡಿಯುವುದು ಮುಖ್ಯವಾಗಿ ತಾನೇ ಸ್ರವಿಸುವ ಅಂಟಿನಿಂದ. ಬಿಡಿಸಿಕೊಳ್ಳಲು ಇನ್ನೊಂದು ರಸವಿದೆ, ಬಿಟ್ಟ ಜಾಗದಲ್ಲಿ ಅಂಟಿನ ಹೆಜ್ಜೆಗುರುತು ಉಳಿಯುತ್ತದೆ. ಮರಳಲ್ಲಿ ಹೂತು ಬದುಕುವ ಆಸ್ಟ್ರೊಪೆಕ್ಟನ್ ಎಂಬ ನಕ್ಷತ್ರಮೀನುಗಳ ಕಾಲಿನ ತುದಿ ಚೂಪು, ಅಲ್ಲಿ ಬಟ್ಟಲೇ ಇಲ್ಲ.

ಕಣ್ವತೀರ್ಥದ ದಂಡೆಯಲ್ಲೋ ಬಲೆ ಎಳೆದಲ್ಲೋ ಜೀವಂತ ನಕ್ಷತ್ರಮೀನು ಸಿಕ್ಕರೆ, ಗಾಜಿನ ಪಾತ್ರೆಗೆ ಸಮುದ್ರದ ನೀರು ಹಾಕಿ ಅದರಲ್ಲಿಡಿ, ಪಾತ್ರೆಯ ತಳದಿಂದ ಕಾಲುಗಳನ್ನು ನೋಡಿ. ನಲ್ಲಿ ನೀರು ಬೇಡವೇ ಬೇಡ, ಅದರಲ್ಲಿ ಸಾಯುತ್ತದೆ. ಐದು ನಿಮಿಷ ನೋಡಿದ ಮೇಲೆ ಕಡಲಿಗೇ ಬಿಡಿ.