ಬೆನ್ನ ಹಿಂದಿನ ತೆರೆ ಕಲಿಸಿದ ಟ್ರಿಮ್

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್. ಡೈವಿಂಗಿಗೆ ಬರುವವರನ್ನು ಫೈಬರ್ ಬೋಟಿನಲ್ಲಿ ಅಲ್ಲಿಗೆ ಕರೆದೊಯ್ಯುವುದು ನನ್ನ ಕೆಲಸ. ಅದಕ್ಕೂ ಮೊದಲು ಮನೆಯ ದೋಣಿಯಲ್ಲಿ ಬಲೆ ಬಿಡುತ್ತಿದ್ದೆ. ಹಿಂಬದಿಗೆ ನೇತುಹಾಕಿದ ಇಂಜಿನ್ ಎಷ್ಟು ಓರೆಯಾಗಿರಬೇಕು ಎಂಬುದೇ ಟ್ರಿಮ್. ಆ ದೋಣಿಯ ಸಣ್ಣ ಇಂಜಿನ್ನಿಗೆ ಟ್ರಿಮ್ ಎಂದರೆ ಬ್ರಾಕೆಟ್ಟಿನ ತೂತಿಗೆ ಸಿಕ್ಕಿಸುವ ಒಂದು ಪಿನ್ನು, ಅಷ್ಟೆ. ಅಪ್ಪ ಯಾವ ತೂತಿಗೆ ಹಾಕಿದ್ದನೋ ಅಲ್ಲೇ ಗಟ್ಟಿಯಾಗಿ ಕೂತಿತ್ತು. ಹಾಗಾಗಿ ಫೈಬರ್ ಬೋಟಿನ 115 ಎಚ್‌ಪಿ ಇಂಜಿನ್ನಿನ ಥ್ರಾಟಲ್ ಹಿಡಿಕೆಯಲ್ಲಿ ಹೆಬ್ಬೆರಳಿಗೆ ಸಿಗುವ ಗುಂಡಿ ಕಂಡಾಗ, ಅದು ದಡದಲ್ಲಿ ಇಂಜಿನ್ ಎತ್ತಿಡುವುದಕ್ಕೆ ಮಾತ್ರ ಅಂದುಕೊಂಡೆ.

ಈಗ ಹೊರಡುವಾಗ ಇಂಜಿನ್ ಪೂರ್ತಿ ಒಳಗೆ, ಅಂದರೆ ಬೋಟಿನ ಹಿಂಬದಿಗೆ ಒತ್ತಿಕೊಂಡಂತೆ. ಥ್ರಾಟಲ್ ಕೊಟ್ಟರೆ ಮೂತಿ ಆಕಾಶ ನೋಡದೆ ಬೋಟು ಬೇಗ ನೀರಿನ ಮೇಲೆ ಬರುತ್ತದೆ, ಅಂದರೆ ಎದ್ದು ಜಾರಿಕೊಂಡು ಓಡುತ್ತದೆ. ಬಂದ ಮೇಲೆ ಗುಂಡಿಯನ್ನು ಚೂರು ಚೂರೇ ಒತ್ತಿ ಇಂಜಿನ್ ಹೊರಗೆ ತರುತ್ತೇನೆ. ಥ್ರಾಟಲ್ ಮುಟ್ಟದೆಯೇ ಆರ್‌ಪಿಎಂ ನೂರಿನ್ನೂರು ಏರುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಅತಿಯಾದರೆ ಬೋಟು ಕುಪ್ಪಳಿಸಲು ಶುರು. ಇಲ್ಲವೇ ನೀರು ತಳ್ಳುವ ಫ್ಯಾನು ಗಾಳಿ ಹಿಡಿದು ಇಂಜಿನ್ ಕಿರುಚುತ್ತದೆ, ಓಟ ಮಾತ್ರ ಇರುವುದಿಲ್ಲ. ಆಗ ಎರಡು ಸಲ ಒಳಕ್ಕೆ ಒತ್ತಿದರೆ ಸರಿ. ನಿನ್ನೆಯ ಅಳತೆ ಇವತ್ತಿಗೆ ಆಗುವುದಿಲ್ಲ. ಡೈವಿಂಗಿನ ಗಾಳಿ ಸಿಲಿಂಡರುಗಳೆಲ್ಲ ಹಿಂದೆ ಪೇರಿಸಿದ ದಿನ ಕುಪ್ಪಳಿಕೆ ಬೇಗ ಬರುತ್ತದೆ. ಟ್ರಿಮ್ ತೋರಿಸುವ ಗೇಜು ನೋಡುವುದನ್ನು ಅದಕ್ಕೇ ಬಿಟ್ಟೆ.

ಪೆಟ್ಟು ತಿಂದದ್ದು ಒಂದು ಡಿಸೆಂಬರ್ ಮಧ್ಯಾಹ್ನ. ಬೆಳಿಗ್ಗೆ ಎಣ್ಣೆ ಸುರಿದಂತಿದ್ದ ಕಡಲಿನಲ್ಲಿ ಊಟದ ಹೊತ್ತಿಗೆ ಪಡುಗಾಳಿ ಎದ್ದಿತ್ತು. ತೆರೆ ಇದ್ದಾಗ ಮೂತಿ ಇಳಿಸು ಎಂದು ನನಗೆ ಹೇಳಿಕೊಟ್ಟಿದ್ದರು. ಎದುರು ತೆರೆಗೆ ಅದು ಸರಿಯೇ, ಮೂತಿ ತೆರೆಯನ್ನು ಸೀಳುತ್ತದೆ, ಬೆನ್ನುಮೂಳೆ ಉಳಿಯುತ್ತದೆ. ಆದರೆ ವಾಪಸು ಬರುವಾಗ ತೆರೆ ಬೆನ್ನ ಹಿಂದೆ. ನಾನು ಅದೇ ಪಾಠ ಒಪ್ಪಿಸಿ, ಇಂಜಿನ್ ಒಳಗೆ ಒತ್ತಿ ಮೂತಿ ಇಳಿಸಿದೆ. ಒಂದು ತೆರೆಯಿಂದ ಇಳಿಯುತ್ತ ಮೂತಿ ಮುಂದಿನ ತೆರೆಗೆ ಹೂತುಕೊಂಡಿತು. ಹಿಂಬದಿ ಬೀಸಿಕೊಂಡು ಬಂದು ಬೋಟು ತೆರೆಗೆ ಅಡ್ಡವಾಯಿತು. ಸ್ಟೇರಿಂಗ್ ಮಾತು ಕೇಳಲಿಲ್ಲ. ಒಬ್ಬರು ಸಿಲಿಂಡರಿನ ಮೇಲೆ ಬಿದ್ದು ಮೊಣಕಾಲು ಊದಿಸಿಕೊಂಡರು. ಮುಂದಿನ ತೆರೆ ಸಣ್ಣದಿತ್ತು, ಅಷ್ಟೇ ನಮ್ಮ ಪುಣ್ಯ. ಓಡಿಸುವವನು ಬಿದ್ದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಅವತ್ತು ನನ್ನ ಕೈಯಲ್ಲಿರಲಿಲ್ಲ, ಗೇರಿಗೆ ನೇತಾಡುತ್ತಿತ್ತು.

ಈಗ ಹಿಂದಿನ ತೆರೆಗೆ ಮೂತಿ ತುಸು ಎದ್ದಿರುವಷ್ಟು ಟ್ರಿಮ್ ಹೊರಗೆ. ಥ್ರಾಟಲ್ ಇಳಿಸಿ, ಮುಂದಿರುವ ತೆರೆಯ ಬೆನ್ನ ಮೇಲೇ ಕೂತು ಬರುತ್ತೇನೆ, ದಾಟಲು ಹೋಗುವುದಿಲ್ಲ. ಜೋರಾಗಿ ತಿರುಗಿಸುವುದಿದ್ದರೆ ಮೊದಲು ವೇಗ ಇಳಿಸಿ, ಇಂಜಿನ್ ಸ್ವಲ್ಪ ಒಳಗೆ. ಇಲ್ಲದಿದ್ದರೆ ತಿರುವಿನಲ್ಲಿ ಫ್ಯಾನು ನೀರು ಬಿಡುತ್ತದೆ.

ಯಾವ ಟ್ರಿಮ್ಮಿನಲ್ಲಿ ಹೆಚ್ಚು ಹೊತ್ತು ಓಡಿಸುತ್ತೀರೋ ಅದರಲ್ಲಿ ಬೋಟು ಬಲಕ್ಕೆ ಎಳೆಯುತ್ತಿದ್ದರೆ, ಫ್ಯಾನಿನ ಮೇಲಿರುವ ಸಣ್ಣ ರೆಕ್ಕೆಯ ಹಿಂತುದಿಯನ್ನೂ ಬಲಕ್ಕೇ ತಿರುಗಿಸಿ. ಉಲ್ಟಾ ಅನ್ನಿಸುತ್ತದೆ, ನಾನೂ ಮೊದಲ ಸಲ ಎಡಕ್ಕೆ ತಿರುಗಿಸಿ ಒಂದು ದಿನ ತೋಳು ನೋಯಿಸಿಕೊಂಡಿದ್ದೆ.

ದಡದ ಹತ್ತಿರ ನೀರು ಕಡಿಮೆಯಾದಾಗ ಇಂಜಿನ್ ಎತ್ತಿ ನಿಧಾನಕ್ಕೆ ಬರುತ್ತೇನೆ. ಆಗ ಹಿಂದೆ ತಿರುಗಿ ನೋಡುವುದು ಒಂದನ್ನೇ: ಇಂಜಿನ್ ತಂಪು ಮಾಡುವ ನೀರಿನ ಧಾರೆ ಹಾರುತ್ತಿದೆಯೇ ಎಂದು. ಅದು ನಿಂತಿತೆಂದರೆ ನೀರೆಳೆಯುವ ತೂತು ಮೇಲೆ ಬಂದಿದೆ ಎಂದರ್ಥ. ತಕ್ಷಣ ಇಳಿಸುತ್ತೇನೆ, ಆಳವಿಲ್ಲದಿದ್ದರೆ ಆಫ್ ಮಾಡಿ ಬಿದಿರು ಊರುತ್ತೇನೆ.