ಹಾಲುಹಲ್ಲು ಹುಳುಕಾಗುವುದು ರಾತ್ರಿ ಹೊತ್ತು

‘ಹೇಗೂ ಬಿದ್ದುಹೋಗೋ ಹಲ್ಲು’ ಅನ್ನುವ ಮಾತು ಮುಂದಿನ ಹಲ್ಲುಗಳ ಮಟ್ಟಿಗೆ ಸ್ವಲ್ಪ ನಿಜ, ಅವು ಆರೇಳು ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಾಲುಹಲ್ಲು ಹಾಗಲ್ಲ. ಮಗು 10–12 ವರ್ಷದವಳಾಗುವ/ನಾಗುವವರೆಗೆ ಅವುಗಳಲ್ಲೇ ಅಗಿಯಬೇಕು. ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಶಾಶ್ವತ ಹಲ್ಲು ಸೊಟ್ಟಗೆ ಬರಬಹುದು.

ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಹಗಲಾದರೆ ಸಿಹಿಯಿಂದ ಹಲ್ಲಿನ ಮೇಲೆ ಹುಟ್ಟಿ ಹುಳುಕು ತರುವ ಆಮ್ಲವನ್ನು ಜೊಲ್ಲೇ ತೊಳೆಯುತ್ತದೆ, ರಾತ್ರಿ ತೊಳೆಯುವವರಿಲ್ಲ. ಹಾಲಿನ ಬಾಟಲಿ ಕಚ್ಚಿಕೊಂಡೇ ಮಲಗುವ ಮಗುವಿಗೆ ಮೊದಲು ಹಾಳಾಗುವುದು ಮೇಲಿನ ನಾಲ್ಕು ಮುಂದಿನ ಹಲ್ಲು. ಕೆಳಗಿನವಕ್ಕೆ ನಾಲಿಗೆಯ ಮರೆ ಇರುತ್ತದೆ. ಬಾಟಲಿ ಬಿಡಿಸಲು ಒಂದೆರಡು ವಾರ ತೆಗೆದುಕೊಳ್ಳಿ. ಮಗುವಿಗೆ ಒಂದು ವರ್ಷ ತುಂಬಿದ ಮೇಲೆ, ಮಲಗುವ ಹೊತ್ತಿನ ಹಾಲಿಗೆ ದಿನದಿನಕ್ಕೆ ನೀರು ಹೆಚ್ಚಿಸುತ್ತ ಕೊನೆಗೆ ಬರೀ ನೀರು ಮಾಡಿ. ಹಗಲಿನ ಹಾಲು ಲೋಟದಲ್ಲಿರಲಿ. ಎದೆಹಾಲು ಬಿಡಿಸಬೇಕಿಲ್ಲ, ಆದರೆ ಮಲಗಿಸುವ ಮುಂಚೆ ಹಲ್ಲುಜ್ಜುವುದು ತಪ್ಪಬಾರದು.

ಮೊದಲ ಹಲ್ಲು ಕಂಡ ದಿನದಿಂದಲೇ ಪುಟ್ಟ ತಲೆಯ ಮೆದು ಬ್ರಷ್ ಹಿಡಿಯಿರಿ. ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟ್, ಆಮೇಲೆ ಆರರವರೆಗೆ ಬಟಾಣಿಯಷ್ಟು (ಹಾಸನದ ಅವರೆಕಾಳಿನಷ್ಟಲ್ಲ!). ಟ್ಯೂಬಿನ ಮೇಲೆ, ಹುಳುಕು ತಡೆಯುವ ಫ್ಲೋರೈಡ್ 1000 ಪಿಪಿಎಂ (ppm, ಅಂದರೆ ಹತ್ತು ಲಕ್ಷದಲ್ಲಿ ಸಾವಿರ ಪಾಲು) ಇದೆಯೇ ನೋಡಿ. ಬಣ್ಣದ ಗೊಂಬೆ ಇರುವ ಕೆಲವು ಮಕ್ಕಳ ಪೇಸ್ಟಿನಲ್ಲಿ ಫ್ಲೋರೈಡೇ ಇರುವುದಿಲ್ಲ. ಬೂದಿ, ಇದ್ದಿಲು ಬೇಡ, ಹಲ್ಲಿನ ಗಟ್ಟಿ ಹೊರಪದರ (ಎನಾಮಲ್) ಸವೆಯುತ್ತದೆ.

ಅಳುವ ಮಗುವಿಗೆ ಎದುರು ನಿಂತು ಉಜ್ಜಲಾಗದು. ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮಗುವಿನ ತಲೆಯನ್ನು ಒಬ್ಬರ ಮಡಿಲಲ್ಲಿಡಿ, ಇನ್ನೊಬ್ಬರು ಕೈಕಾಲು ಹಿಡಿಯಲಿ. ಬೆರಳಿನಿಂದ ಮೇಲ್ದುಟಿ ಎತ್ತಿ, ಹಲ್ಲು ಒಸಡು ಸೇರುವ ಅಂಚಿನಲ್ಲಿ ಪುಟ್ಟ ಸುತ್ತು ಹಾಕಿ. ಆ ಅಂಚು ತಪ್ಪಿದರೆ ಉಜ್ಜಿಯೂ ಉಜ್ಜದಂತೆ. ಉಗಿಯಲು ಬರುವ ಮಗು ಉಗಿದರೆ ಸಾಕು, ಬಾಯಿ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಏಳೆಂಟು ವರ್ಷದವರೆಗೆ ಬ್ರಷ್ ದೊಡ್ಡವರ ಕೈಯಲ್ಲೇ ಇರಬೇಕು. ಬೆಳಿಗ್ಗೆ ಒಮ್ಮೆ ಅವಸರವಾದರೂ ಸೈ, ರಾತ್ರಿಯದಕ್ಕೆ ವಿನಾಯಿತಿ ಇಲ್ಲ. ಅದಾದ ಮೇಲೆ, ಎದೆಹಾಲು ಬಿಟ್ಟರೆ, ನೀರೊಂದೇ.

ಸಿಹಿ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ. ಪ್ರತಿ ಸಲವೂ ಸುಮಾರು ಅರ್ಧ ಗಂಟೆ ಆಮ್ಲ ಕೆಲಸ ಮಾಡುತ್ತದೆ. ಕಾಫಿ ಸೀಮೆಯ ಮನೆಗಳಲ್ಲಿ ಅಜ್ಜಿಯ ಲೋಟದಿಂದ ಒಂದೊಂದು ಗುಟುಕು, ಅದಕ್ಕೆ ಅದ್ದಿದ ಬಿಸ್ಕತ್ತು: ಇದು ದಿನಕ್ಕೆ ನಾಲ್ಕು ಸಲವಾದರೆ ಹಬ್ಬದ ಹೋಳಿಗೆಗಿಂತ ಕೆಟ್ಟದ್ದು. ಬೆಲ್ಲ, ಜೇನು ಕೂಡ ಹಲ್ಲಿಗೆ ಸಕ್ಕರೆಯೇ. ರಾಗಿ ಸರಿಗೆ ಬೆಲ್ಲ ಹಾಕದೆ ರೂಢಿ ಮಾಡಿದರೆ ಮಗು ಕೇಳುವುದೂ ಇಲ್ಲ. ಕೆಮ್ಮಿನ ಸಿರಪ್ ಕೊಟ್ಟ ಮೇಲೆ ನೀರು ಕುಡಿಸಿ.

ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಕಡೆ ಕೊಳವೆಬಾವಿ ನೀರೇ ಕುಡಿಯುವವರು ಅದರ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಬೇರೆ ನೀರು ನೋಡಬೇಕು; ಇಲ್ಲದಿದ್ದರೆ ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಕಂದು ಕಲೆ ಬೀಳಬಹುದು. ಪೇಸ್ಟ್ ಎಷ್ಟು ಹಾಕಬೇಕೆಂದು ಅಲ್ಲಿನವರು ದಂತವೈದ್ಯರನ್ನೂ ಕೇಳಿ.

ತಿಂಗಳಿಗೊಮ್ಮೆ ಬೆಳಕಿನಲ್ಲಿ ತುಟಿ ಎತ್ತಿ ನೋಡಿ. ಒಸಡಿನ ಪಕ್ಕ ಸೀಮೆಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಆರಂಭ. ಈ ಹಂತದಲ್ಲಿ ದಂತವೈದ್ಯರಿಂದ ಹಲ್ಲಿಗೆ ಫ್ಲೋರೈಡ್ ಲೇಪ (ವಾರ್ನಿಷ್) ಬಳಿಸಿದರೆ ವಾಪಸಾಗಬಹುದು, ಕೊರೆಯುವುದೂ ಬೇಡ. ಕಂದು ಗುಳಿಯಾದ ಮೇಲೆ ಮನೆಮದ್ದಿಲ್ಲ. ಒಸಡಿನ ಮೇಲೆ ಕೀವುಗುಳ್ಳೆ ನೋಯದಿದ್ದರೂ ಸೋಂಕೇ. ಜ್ವರದ ಜೊತೆ ಕೆನ್ನೆ ಊದಿದರೆ ಲವಂಗದೆಣ್ಣೆ ಹಚ್ಚಿ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಡವಟ್ಟು: ಆರನೇ ವರ್ಷಕ್ಕೆ ಕೊನೆಯ ಹಾಲುಹಲ್ಲಿನ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬಂದದ್ದರಿಂದ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬಾರದು.