ಟ್ರೈಲರ್ ಎಳೆಯುವ ಪಿಕಪ್: ಮೊದಲು ಬ್ರೇಕು, ಕೊನೆಗೆ ಬಲ

ಪಿಕಪ್ಪಿನ ತೂಕ 2,100 ಕೆ.ಜಿ., ಲೋಡ್ ಸೇರಿ ಟ್ರೈಲರ್ 1,400 ಕೆ.ಜಿ. ಎಂದಿಟ್ಟುಕೊಳ್ಳಿ. ಮಡಿಕೇರಿಯಿಂದ ಸಂಪಾಜೆ ತಲುಪುವಷ್ಟರಲ್ಲಿ ಈ ಮೂರೂವರೆ ಟನ್ ಭಾರ ಸುಮಾರು ಸಾವಿರ ಮೀಟರ್ ಕೆಳಗೆ ಇಳಿದಿರುತ್ತದೆ. ಆ ಇಳಿತದಲ್ಲಿ ಹೊರಬೀಳುವ ಶಕ್ತಿಗೆ ನೂರು ಲೀಟರ್ ತಣ್ಣೀರನ್ನು ಕುದಿಸುವ ತಾಕತ್ತಿದೆ. ಸ್ವಲ್ಪ ಗಾಳಿಗೆ ಹೋಗುತ್ತದೆ, ಗೇರ್ ಸರಿಯಿದ್ದರೆ ಇನ್ನಷ್ಟನ್ನು ಎಂಜಿನ್ ಹಿಡಿಯುತ್ತದೆ. ಮಿಕ್ಕ ಬಿಸಿಯೆಲ್ಲ ಬ್ರೇಕಿನ ಪಾಲು.

ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಅನ್ನಿಸಿದ ಕೂಡಲೇ ಎಂಜಿನ್ ಟ್ಯೂನ್ ಮಾಡಿಸಲು ಓಡುವವರೇ ಹೆಚ್ಚು. ಇಸುಝು ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್ ಎಂಜಿನ್ 360 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಟೊಯೊಟಾ ಹೈಲಕ್ಸ್‌ನ ಮ್ಯಾನ್ಯುವಲ್ ಗಾಡಿಯಲ್ಲಿ 420, ಆಟೊಮ್ಯಾಟಿಕ್‌ನಲ್ಲಿ 500. ತೋಟದ ಟ್ರೈಲರ್ ಎಳೆಯಲು ಇಷ್ಟು ಧಾರಾಳ. ಕೊರತೆ ಇರುವುದು ತೂಕ ಹಂಚುವುದರಲ್ಲಿ, ಬ್ರೇಕಿನಲ್ಲಿ, ಬಿಸಿ ಹೊರಹಾಕುವುದರಲ್ಲಿ. ಕೆಲಸವೂ ಅದೇ ಕ್ರಮದಲ್ಲಿ ಸಾಗಲಿ.

ತೂಕದ ಲೆಕ್ಕ

ಒಂದು ಚೀಲ ಕಾಫಿಗೆ 50 ಕೆ.ಜಿ. ಇಪ್ಪತ್ತು ಚೀಲಕ್ಕೆ ಒಂದು ಟನ್. ಖಾಲಿ ಟ್ರೈಲರ್ 400 ಕೆ.ಜಿ. ಇದ್ದರೆ ಒಟ್ಟು 1,400. ಒಣಗಿದ ಚೆರಿಯಲ್ಲಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಈ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ಹಸಿ ಸೌದೆ, ಗೊಬ್ಬರ ತುಂಬಿದಾಗ. ಅವನ್ನು ಕಣ್ಣಳತೆಯಲ್ಲಿ ತೂಗದೆ ಒಮ್ಮೆಯಾದರೂ ವೇಬ್ರಿಡ್ಜ್ ಹತ್ತಿಸಿ. ಬೋರ್ಡೋ ದ್ರಾವಣಕ್ಕೆ ನೀರು ಒಯ್ಯುವ ಟ್ಯಾಂಕ್ ಪೂರ್ತಿ ತುಂಬಿರಲಿ, ಇಲ್ಲವೇ ಖಾಲಿ ಇರಲಿ. ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗಿ ಟ್ರೈಲರನ್ನು ವಾಲಿಸುತ್ತದೆ.

ಎಳೆಯುವ ಮಿತಿಯನ್ನು ನಿಮ್ಮ ಗಾಡಿಯ ಕೈಪಿಡಿಯಲ್ಲಿ ನೋಡಿ. ಅದರಲ್ಲಿ ಇಲ್ಲದಿದ್ದರೆ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಆಸ್ಟ್ರೇಲಿಯಾದ ವಿಡಿಯೊಗಳಲ್ಲಿ ಇದೇ ಹೆಸರಿನ ಪಿಕಪ್‌ಗಳು 3,500 ಕೆ.ಜಿ. ಎಳೆಯುವುದು ನಿಜ. ಆದರೆ ಅದು ಸ್ವಂತ ಬ್ರೇಕ್ ಇರುವ ಟ್ರೈಲರ್‌ನ ಲೆಕ್ಕ. ಬ್ರೇಕ್ ಇಲ್ಲದ ಟ್ರೈಲರ್‌ಗೆ ಅಲ್ಲೂ 750 ಕೆ.ಜಿ.ಯೇ ಗಡಿ. ನಮ್ಮಲ್ಲಿ ಟ್ರೈಲರ್‌ಗೆ ಪ್ರತ್ಯೇಕ ನೋಂದಣಿ ಬೇಕು. ಮಿತಿ ಮೀರಿ ತುಂಬಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ ತಲಾ 2,000.

ಮೂಗಿನ ಭಾರ

ಟ್ರೈಲರ್‌ನ ಮೂಗು ಹಿಚ್ ಬಾಲ್ (ಪಿಕಪ್ಪಿನ ಹಿಂದಿರುವ, ಟ್ರೈಲರ್ ಕೂರುವ ಗುಂಡು) ಮೇಲೆ ಎಷ್ಟು ಭಾರ ಹೇರುತ್ತದೆ ಎಂಬುದರ ಮೇಲೆ ಗಾಡಿಯ ನಡತೆ ನಿಂತಿದೆ. ಒಟ್ಟು ತೂಕದ ಶೇ 10ರಿಂದ 15 ಅಲ್ಲಿ ಕೂರಬೇಕು. 1,400 ಕೆ.ಜಿ.ಗೆ 140ರಿಂದ 210. ಅದಕ್ಕಿಂತ ಕಡಿಮೆಯಾದರೆ ವೇಗ ಏರಿದಂತೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಹೆಚ್ಚಾದರೆ ಪಿಕಪ್ಪಿನ ಮುಂಭಾಗ ಮೇಲೇಳುತ್ತದೆ. ಹಿಚ್ ಮತ್ತು ಅದನ್ನು ಹೊತ್ತ ಟೋ ಬಾರ್ ಮೇಲೆ ಅಚ್ಚಾಗಿರುವ ಮಿತಿ ಇದಕ್ಕಿಂತ ಕಡಿಮೆಯಿದ್ದರೆ ಅದೇ ಅಂತಿಮ. ಆಗ ಲೋಡನ್ನೇ ಇಳಿಸಬೇಕು.

ಇದನ್ನು ಅಳೆಯಲು ಹೊಸ ಸಾಮಾನು ಬೇಕಿಲ್ಲ. ಸಂಜೆ ಹಣ್ಣು ತೂಗುವ ಪ್ಲಾಟ್‌ಫಾರಂ ತಕ್ಕಡಿ ಸಾಕು, ಅದರ ಮಿತಿ 300 ಕೆ.ಜಿ. ಇರಲಿ. ಕಣದಂಥ ಸಮತಟ್ಟು ಜಾಗದಲ್ಲಿ ಲೋಡ್ ತುಂಬಿದ ಟ್ರೈಲರ್ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ತಕ್ಕಡಿಯ ಮೇಲೆ ಮರದ ದಿಮ್ಮಿ ಇಟ್ಟು, ಅದರ ತೂಕವನ್ನು ಸೊನ್ನೆ ಮಾಡಿಕೊಳ್ಳಿ. ಮೂಗು ಪಿಕಪ್ಪಿಗೆ ಕೊಂಡಿ ಹಾಕಿದಾಗ ಇರುವ ಎತ್ತರದಲ್ಲೇ ದಿಮ್ಮಿಯ ಮೇಲೆ ಕೂರಬೇಕು. ಕೆಳಗೆ ಬಾಗಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ. ಆಕ್ಸಲ್‌ನಿಂದ ಬಾಲ್‌ಗೆ ಮೂರು ಮೀಟರ್ ಇರುವ ಟ್ರೈಲರ್‌ನಲ್ಲಿ ಎರಡು ಚೀಲವನ್ನು 60 ಸೆಂ.ಮೀ. ಮುಂದಕ್ಕೆ ಸರಿಸಿದರೆ ಮೂಗಿನ ಭಾರ 20 ಕೆ.ಜಿ. ಏರುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ಟ್ರೈಲರ್‌ನ ಪಕ್ಕದ ಹಲಗೆಗೆ ಬಣ್ಣದಲ್ಲಿ ಗೆರೆ ಎಳೆದುಬಿಡಿ. ಮರುದಿನ ಲೋಡ್ ಮಾಡುವವರು ಬೇರೆಯವರಾದರೂ ಗೆರೆ ಅಲ್ಲೇ ಇರುತ್ತದೆ.

ಬಾಲ್ ಮೇಲೆ ಕೂತದ್ದು 160 ಕೆ.ಜಿ. ಆದರೂ ಹಿಂದಿನ ಆಕ್ಸಲ್‌ಗೆ ಬೀಳುವ ಹೊರೆ ಅಷ್ಟೇ ಅಲ್ಲ. ವೀಲ್‌ಬೇಸ್ (ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 3.1 ಮೀಟರ್, ಬಾಲ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ ಇದ್ದರೆ ಹಿಂದಿನ ಚಕ್ರಗಳ ಮೇಲೆ ಸುಮಾರು 220 ಕೆ.ಜಿ. ಸೇರುತ್ತದೆ, ಮುಂದಿನ ಚಕ್ರಗಳಿಂದ 60 ಕೆ.ಜಿ. ಹಗುರಾಗುತ್ತದೆ. ಮಳೆಗಾಲದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೆ ಜಾರುವುದು, ಹೆಡ್‌ಲೈಟ್ ಮಂಜಿನ ಮೇಲ್ಭಾಗಕ್ಕೆ ಹೊಡೆಯುವುದು ಈ 60 ಕೆ.ಜಿ. ಹೋದದ್ದಕ್ಕೇ.

ಕೊಂಡಿ

ಟೋ ಬಾರ್ ಚಾಸಿಗೆ ಬೋಲ್ಟ್ ಆಗಿರಬೇಕು, ಬಂಪರ್‌ಗೆ ಅಲ್ಲ. ಕಂಪನಿ ಕೊಟ್ಟ ತೂತುಗಳನ್ನೇ ಬಳಸಿ. ಚಾಸಿಗೆ ವೆಲ್ಡಿಂಗ್ ಬೇಡ. ಬೋಲ್ಟ್ 8.8 ಗ್ರೇಡಿನದಿರಲಿ. ಎಂ12 ಬೋಲ್ಟ್ ಆದರೆ ಟಾರ್ಕ್ ರೆಂಚ್‌ನಲ್ಲಿ 80 ಎನ್‌ಎಂ ಆಸುಪಾಸು, ಮೊದಲ ಲೋಡ್ ಓಡಿದ ಮೇಲೆ ಮತ್ತೊಮ್ಮೆ. ಟ್ರ್ಯಾಕ್ಟರ್ ಟ್ರೈಲರ್‌ನ ಪಿನ್ ಕೊಂಡಿಯನ್ನು ಪಿಕಪ್ಪಿಗೆ ಹಾಕುವ ಅಭ್ಯಾಸ ಕೆಟ್ಟದ್ದು. ಅದರ ಸಡಿಲದಿಂದಾಗಿ ಪ್ರತಿ ಬ್ರೇಕಿಗೂ ಟ್ರೈಲರ್ ಬಂದು ಗುದ್ದುತ್ತದೆ. 50 ಮಿ.ಮೀ. ಬಾಲ್, ಅದನ್ನು ಹಿಡಿಯಲು ಟ್ರೈಲರ್ ಮೂಗಿಗೆ ಅದೇ ಅಳತೆಯ ಕಪ್ಲರ್ ಹಾಕಿಸಿ. ಎರಡು ಸೇಫ್ಟಿ ಚೈನ್‌ಗಳನ್ನು ಕಪ್ಲರ್ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಕಿ. ಕೊಂಡಿ ಕಳಚಿದರೆ ಮೂಗು ರಸ್ತೆಗೆ ಕುಕ್ಕದೆ ಚೈನ್ ಮೇಲೆ ನಿಲ್ಲುತ್ತದೆ.

ಬ್ರೇಕ್

ಹಣ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಘಾಟಿಯಲ್ಲಿ ಲೋಡ್ ಎಳೆಯುವ ಟ್ರೈಲರ್‌ಗೆ ಅದರದ್ದೇ ಬ್ರೇಕ್ ಇರಬೇಕು. ಅದರಲ್ಲಿ ಎರಡು ಬಗೆ. ಓವರ್‌ರನ್ ಬ್ರೇಕ್‌ನಲ್ಲಿ ಪಿಕಪ್ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ಒತ್ತಿ, ಆ ಒತ್ತಡವೇ ತನ್ನ ಡ್ರಮ್ ಹಿಡಿಸುತ್ತದೆ. ವೈರಿಂಗ್ ಬೇಡ, ಕೆಲಸ ಸರಳ. ಆದರೆ ಉದ್ದ ಇಳಿಜಾರಿನಲ್ಲಿ ಒತ್ತುತ್ತಲೇ ಇರುವುದರಿಂದ ಡ್ರಮ್ ಕಾಯುತ್ತದೆ. ಆಟೊ ರಿವರ್ಸ್ ಇಲ್ಲದ್ದಾದರೆ ತೋಟದ ಗೇಟಿಗೆ ಹಿಂದಕ್ಕೆ ತೆಗೆಯುವಾಗ ಹಿಡಿದು ನಿಲ್ಲುತ್ತದೆ.

ಎಲೆಕ್ಟ್ರಿಕ್ ಬ್ರೇಕ್‌ಗೆ ಡ್ಯಾಶ್‌ಬೋರ್ಡ್‌ನಲ್ಲಿ ಕಂಟ್ರೋಲರ್ ಬೇಕು, ಬೆಲೆಯೂ ಜಾಸ್ತಿ. ಘಾಟಿಗೆ ಇದೇ ಮೇಲು. ಟ್ರೈಲರ್ ಬಾಲ ಹೊಡೆಯುವಾಗ ಟ್ರೈಲರ್ ಬ್ರೇಕನ್ನಷ್ಟೇ ಹಿಡಿಯಲು ಬರುತ್ತದೆ. ಹೊಂದಿಸುವಾಗ ಲೋಡ್ ತುಂಬಿ, ಖಾಲಿ ನೆಟ್ಟನೆ ರಸ್ತೆಯಲ್ಲಿ 40 ಕಿ.ಮೀ. ವೇಗಕ್ಕೆ ಬಂದು ಕಂಟ್ರೋಲರ್‌ನ ಕೈ ಗುಂಡಿ ಒತ್ತಿ. ಚಕ್ರ ಲಾಕ್ ಆಗುವ ಮಟ್ಟ ಸಿಗುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸಿ, ಅಲ್ಲಿಂದ ತುಸು ಇಳಿಸಿ. ಖಾಲಿ ಟ್ರೈಲರ್‌ಗೆ ಮತ್ತೆ ಬೇರೆ ಹೊಂದಿಕೆ.

ಇನ್ನು ಪಿಕಪ್ಪಿನ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಕೊಡಗಿನ ಗಾಳಿಯಲ್ಲಿ ತೇವಕ್ಕೇನು ಬರ? ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಪೊಳ್ಳಾಗುತ್ತದೆ. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆಸಿ. ಮೇಲಿಂದ ತುಂಬಿಸಿದರೆ ಉಪಯೋಗವಿಲ್ಲ.

ಟೈರ್, ಬೇರಿಂಗ್

ಟ್ರೈಲರ್ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಕೊಯ್ಲಿನ ತಿಂಗಳು ಬಿಟ್ಟರೆ ಶೆಡ್‌ನಲ್ಲೇ ತಾನೇ ಅದರ ವಾಸ? ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ: 2319 ಅಂದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದರೆ, ಪಕ್ಕದಲ್ಲಿ ಬಿರುಕು ಕಂಡರೆ ಬದಲಿಸಿ. ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಸಿ. ಪಿಕಪ್‌ನ ಹಿಂದಿನ ಟೈರ್‌ಗೆ ಬಾಗಿಲ ಸ್ಟಿಕರ್‌ನಲ್ಲಿರುವ ಫುಲ್ ಲೋಡ್ ಒತ್ತಡ, ಟ್ರೈಲರ್ ಟೈರ್‌ಗೆ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡ.

ಹಬ್ ಬೇರಿಂಗ್‌ಗೆ ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಹಳೆಯ ಗ್ರೀಸ್ ತೊಳೆದು ಹೊಸದು ತುಂಬಿಸಿ. ಹಳೆಯ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಮೂಲಕ ನೀರು ನುಗ್ಗಿದೆ ಎಂದೇ ಅರ್ಥ, ಸೀಲನ್ನೂ ಬದಲಿಸಬೇಕು.

ಹಿಂದಿನ ಪ್ಲೇಟ್ ಸೆಟ್

ಟ್ರೈಲರ್ ಕಟ್ಟುವ ಮೊದಲು, ಕಟ್ಟಿದ ಮೇಲೆ ಮುಂದಿನ ಮಡ್‌ಗಾರ್ಡ್ ಅಂಚು ನೆಲದಿಂದ ಎಷ್ಟು ಎತ್ತರ ಎಂದು ಟೇಪ್ ಹಿಡಿಯಿರಿ. 25 ಮಿ.ಮೀ.ಗಿಂತ ಹೆಚ್ಚು ಎದ್ದಿದ್ದರೆ ಮೊದಲು ಲೋಡ್ ಸರಿಸಿ. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳಿಗೆ ಹೆಲ್ಪರ್ ಪ್ಲೇಟ್ (ಹೆಚ್ಚುವರಿ ಪಟ್ಟಿ) ಅಥವಾ ಏರ್ ಬ್ಯಾಗ್ (ಗಾಳಿ ತುಂಬಿದ ಆಸರೆ) ಹಾಕಿಸುವುದು ಆಮೇಲಿನ ಮಾತು. ಅವು ಕುಸಿದ ಹಿಂಭಾಗವನ್ನು ಎತ್ತುತ್ತವೆಯೇ ಹೊರತು ಮುಂದಿನ ಚಕ್ರಕ್ಕೆ ಹೋದ ಭಾರವನ್ನು ಪೂರ್ತಿ ಹಿಂದಿರುಗಿಸುವುದಿಲ್ಲ, ಆಕ್ಸಲ್‌ನ ಮಿತಿಯನ್ನೂ ಏರಿಸುವುದಿಲ್ಲ.

ಇಲ್ಲೊಂದು ಮರೆಯಬಾರದ ತೊಡಕಿದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಕಡ್ಡಿ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಗಾಡಿ ಎಷ್ಟು ಕುಸಿದಿದೆ ಎಂದು ನೋಡಿ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಪ್ಲೇಟ್ ಹೆಚ್ಚಿಸಿ ಹಿಂಭಾಗ ಎತ್ತರಿಸಿದರೆ ವಾಲ್ವ್ ಗಾಡಿ ಖಾಲಿ ಎಂದೇ ತಿಳಿದು ಒತ್ತಡ ಕಡಿಮೆ ಮಾಡುತ್ತದೆ. ಹೊರೆ ಹೆಚ್ಚಾದಾಗಲೇ ಬ್ರೇಕ್ ಕಡಿಮೆ! ಪ್ಲೇಟ್ ಹಾಕಿಸಿದ ದಿನವೇ ಆ ಕಡ್ಡಿಯನ್ನೂ ಹೊಂದಿಸಿಕೊಳ್ಳಿ.

ಎಂಜಿನ್‌ಗೆ ಗಾಳಿ, ನೀರು

ಮಡಿಕೇರಿಯ ಎತ್ತರದಲ್ಲಿ ಗಾಳಿ ಸಮುದ್ರಮಟ್ಟದಲ್ಲಿರುವುದಕ್ಕಿಂತ ಶೇ 10ರಷ್ಟು ತೆಳು. ಆ ಕೊರತೆಯನ್ನು ಟರ್ಬೊ ಹೆಚ್ಚು ತಿರುಗಿ ತುಂಬುತ್ತದೆ, ಅಷ್ಟೇ ಹೆಚ್ಚು ಕಾಯುತ್ತದೆ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ರೇಡಿಯೇಟರ್ ನಡುವೆ ಸಿಲ್ವರ್ ಓಕ್ ಎಲೆ, ಕೆಸರು, ದೂಳು ಸೇರಿ ಕಂಬಳಿ ಹೊದಿಸಿದಂತಾಗಿರುತ್ತದೆ. ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ತೆಳು ಫಿನ್‌ಗಳು ಮಡಚಿಕೊಳ್ಳುತ್ತವೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಟರ್ಬೊ ಪೈಪಿನ ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ, ಒಬ್ಬರು ಆಕ್ಸಿಲರೇಟರ್ ಒತ್ತಲಿ. ಗುಳ್ಳೆ ಎದ್ದ ಕಡೆ ಕ್ಲಿಪ್ ಸಡಿಲ. "ಗಾಡಿಗೆ ಪವರ್ ಇಲ್ಲ" ಎಂಬ ಅನೇಕ ದೂರುಗಳು ಈ ಕ್ಲಿಪ್ಪಿನಲ್ಲಿ, ಇಲ್ಲವೇ ಕಟ್ಟಿದ ಏರ್ ಫಿಲ್ಟರ್‌ನಲ್ಲಿ ಮುಗಿದುಹೋಗುತ್ತವೆ. ಏರು ಮುಗಿಸಿ ನಿಂತಾಗ ಎಂಜಿನನ್ನು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆರಿಸಿ. ಆಟೊಮ್ಯಾಟಿಕ್ ಗಾಡಿಗೆ ಹೆಚ್ಚುವರಿ ಗೇರ್ ಆಯಿಲ್ ಕೂಲರ್ ಹಾಕಿಸುವುದು ದಂಡದ ಖರ್ಚಲ್ಲ.

ಟೈರ್ ದೊಡ್ಡದಾದರೆ ಬಲ ಸಣ್ಣದು

245/70 ಆರ್16 ಟೈರ್ ಸುಮಾರು 749 ಮಿ.ಮೀ. ಎತ್ತರ. ಅಂದಕ್ಕೆಂದು ಹಾಕಿಸುವ 265/75 ಆರ್16 ಟೈರ್ 804. ಚಕ್ರ ಶೇ 7ರಷ್ಟು ದೊಡ್ಡದಾದರೆ ರಸ್ತೆಗೆ ಸಿಗುವ ಎಳೆತ ಸುಮಾರು ಅಷ್ಟೇ ಕಡಿಮೆ. ಹಳೆಯ ಟೈರ್ ಅಳತೆಗೆ ಮರಳುವುದೇ ಅತಿ ಅಗ್ಗದ ಟ್ಯೂನಿಂಗ್. ಎಂಜಿನ್ ರೀಮ್ಯಾಪ್ (ಕಂಪ್ಯೂಟರ್ ಹೊಂದಿಕೆ ಬದಲಿಸಿ ಬಲ ಏರಿಸುವುದು) ಮಾಡಿಸಿದರೆ ಎಕ್ಸಾಸ್ಟ್ ಬಿಸಿ ಏರುತ್ತದೆ, ಕ್ಲಚ್ ಜಾರಲು ಶುರುವಾಗುತ್ತದೆ, ವಾರಂಟಿಯೂ ಹೋಗುತ್ತದೆ. ನಮ್ಮ ಸಲಹೆ: ಬೇಡ.

ಘಾಟಿಯಲ್ಲಿ

ಸಂಪಾಜೆಯಾಗಲಿ ಮಾಕುಟ್ಟವಾಗಲಿ, ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಏರುವಾಗ ಬೇಕಾದ ಗೇರೇ ಇಳಿಯುವಾಗಲೂ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ಹತ್ತು ಕಿ.ಮೀ. ವೇಗ ಇಳಿಸಿ, ಪೂರ್ತಿ ಬಿಡಿ, ಡಿಸ್ಕ್‌ಗೆ ಗಾಳಿ ಸಿಗಲಿ. ಹೇರ್‌ಪಿನ್ ತಿರುವಿನಲ್ಲಿ ಟ್ರೈಲರ್ ಚಕ್ರ ಪಿಕಪ್ಪಿಗಿಂತ ಒಳಗೆ ಕತ್ತರಿಸುತ್ತದೆ, ಚರಂಡಿ ಕಡೆ ಗಮನವಿರಲಿ. ಬಾಲ ಅಲ್ಲಾಡಿದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಪಿಕಪ್ಪಿನ ಬ್ರೇಕ್ ಒತ್ತಬೇಡಿ.

ತೋಟದ ಮಣ್ಣು ದಾರಿಯಲ್ಲಿ ಏರಿಗೆ ರಿವರ್ಸ್ ತೆಗೆಯುವಾಗ 4ಎಲ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಲೋ ಗೇರ್) ಹಾಕಿ. ಎಳೆತ ಎರಡೂವರೆ ಪಟ್ಟು ಸಿಗುತ್ತದೆ, ಹಾಫ್ ಕ್ಲಚ್‌ನಲ್ಲಿ ಕ್ಲಚ್ ಪ್ಲೇಟ್ ಸುಡುವುದು ತಪ್ಪುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ 2ಎಚ್‌ಗೆ (ಎರಡೇ ಚಕ್ರಕ್ಕೆ ಬಲ ಹೋಗುವ ಸಾಮಾನ್ಯ ಗೇರ್) ತನ್ನಿ. ಗಟ್ಟಿ ನೆಲದ ತಿರುವಿನಲ್ಲಿ ಮುಂದಿನ-ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕಾಗುತ್ತದೆ, 4ಎಲ್ ಅದಕ್ಕೆ ಅವಕಾಶ ಕೊಡದೆ ಶಾಫ್ಟ್ ಬಿಗಿದುಕೊಳ್ಳುತ್ತದೆ.

ಮೊದಲ ಲೋಡಿನ ದಿನ ಹತ್ತು ಕಿ.ಮೀ. ಓಡಿಸಿ ಅಗಲ ಜಾಗದಲ್ಲಿ ನಿಲ್ಲಿಸಿ. ಟ್ರೈಲರ್‌ನ ಎರಡೂ ಹಬ್‌ಗಳ ಹತ್ತಿರ ಅಂಗೈ ಹಿಡಿದು ನೋಡಿ, ಕಾವು ಹೆಚ್ಚಿಲ್ಲದಿದ್ದರೆ ಮುಟ್ಟಿ. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಮುಂದೆ ಹೊರಡಿ. ಒಂದು ಮಾತ್ರ ಮುಟ್ಟಲಾಗದಷ್ಟು ಕಾದಿದ್ದರೆ ಆ ಕಡೆಯ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಘಾಟಿ ಇಳಿಯದೆ ಅಲ್ಲಿಂದಲೇ ಹಿಂದಿರುಗಿ.